ಫ್ರಿಜ್ಜನ್ನು ಯಾರೂ ಅನುಮಾನಿಸಲಿಲ್ಲ

ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಸಾಕು, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೂ ನನ್ನ ಹೆಂಡತಿ ಗೌರಮ್ಮನ ದನಿ ಬರುತ್ತದೆ: "ಏನ್ ತಕತಾ ಇದ್ದರಿ?"

"ನೀರು."

"ನೀರ್ ತಕಳಕೆ ಇಷ್ಟೊತ್ತಾ?"

ಫ್ರಿಜ್ಜಿನ ಮುಂದೆ ನಿಂತ ಗಂಡಸು ಎಷ್ಟು ಹೊತ್ತು ನಿಂತರೂ ಅನುಮಾನವೇ. ಬೇಗ ಮುಚ್ಚಿದರೆ ಏನೋ ಬಾಯಿಗೆ ಹಾಕಿಕೊಂಡ ಎಂದು, ತಡವಾಗಿ ಮುಚ್ಚಿದರೆ ಏನೋ ಹುಡುಕುತ್ತಿದ್ದಾನೆ ಎಂದು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಇಲ್ಲವಾದರೆ ನಿಮಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಅರ್ಥ.

ಅನುಮಾನ ನನಗೆ ಹೊಸದೇನಲ್ಲ. ಕೊಳ್ಳೇಗಾಲದಿಂದ ಹನೂರಿಗೂ ಯಳಂದೂರಿಗೂ ಓಡಾಡುವ ಬಸ್ಸುಗಳಲ್ಲಿ ಕಂಡಕ್ಟರಾಗಿ ಕೂದಲು ಹಣ್ಣಾಗಿಸಿಕೊಂಡವನು ನಾನು. ಅನುಮಾನವೇ ನನ್ನ ಕಸುಬಾಗಿತ್ತು. ಕಣ್ಣು ಮುಚ್ಚಿ ಕಿಟಕಿಗೆ ತಲೆಯಾನಿಸಿದವನು ನಿಜವಾಗಿ ನಿದ್ದೆ ಮಾಡುತ್ತಿದ್ದಾನೋ ಟಿಕೆಟ್ಟಿನಿಂದ ತಪ್ಪಿಸಿಕೊಳ್ಳುತ್ತಿದ್ದಾನೋ ಎಂದು ನಾನು ಅವನ ಬಾಯಿ ನೋಡಿಯೇ ಹೇಳಬಲ್ಲೆ. ನಿಜವಾದ ನಿದ್ದೆಯಲ್ಲಿ ಬಾಯಿ ಸ್ವಲ್ಪ ತೆರೆದಿರುತ್ತದೆ. ಕಳ್ಳನಿದ್ದೆಯವರು ತುಟಿ ಬಿಗಿಹಿಡಿದಿರುತ್ತಾರೆ. ಇಷ್ಟೆಲ್ಲ ಬಲ್ಲ ನಾನು ಮನೆಯಲ್ಲಿ ಕೂತ ಮೇಲೆ ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ತಪಾಸಣೆಗೆ ಒಳಗಾಗಬೇಕಾಯಿತು.

ನಾನು ಮೊದಲು ಫ್ರಿಜ್ಜು ಕಂಡಿದ್ದು ಹುಡುಗನಾಗಿದ್ದಾಗ, ನಮ್ಮೂರು ಹೊನ್ನೂರಿನಲ್ಲಿ, ದೊಡ್ಡಮನೆ ಸಾಹುಕಾರರ ಪಡಸಾಲೆಯಲ್ಲಿ. ಅಡುಗೆಮನೆಯಲ್ಲಲ್ಲ, ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣಬೇಕಲ್ಲ. ಅದಕ್ಕೊಂದು ಹೂವಿನ ಕಸೂತಿಯ ಮುಸುಕು. ಬಾಗಿಲಿಗೆ ಬೀಗ. ಆಗಿನ ಫ್ರಿಜ್ಜುಗಳಿಗೆ ಬೀಗವಿರುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಕೀಲಿಕೈ ಸಾಹುಕಾರರ ಮನೆಯಮ್ಮನ ಸೊಂಟದಲ್ಲಿ ಇನ್ನುಳಿದ ಕೀಲಿಕೈಗಳ ಜೊತೆ ತೂಗುತ್ತಿತ್ತು. ಒಳಗೆ ಏನಿದೆ ಎಂಬುದು ಊರಿಗೇ ಗುಟ್ಟು. ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಅದರ ಬಗ್ಗೆ ಮಾತಾಡಿ ಮಾತಾಡಿ, ಒಳಗೆ ಬಂಗಾರವಿದೆ ಎಂಬಲ್ಲಿಗೆ ತಂದು ನಿಲ್ಲಿಸಿದ್ದರು. ಒಂದು ಮದುವೆಯ ಮನೆಯವರು ಕನಕಾಂಬರದ ದಂಡೆ ಬಾಡದಿರಲಿ ಎಂದು ಅದರಲ್ಲಿಡಲು ಕೊಟ್ಟಾಗ ನಾನೂ ಹೂವಿನ ಬುಟ್ಟಿಯ ಹಿಂದೆ ಹೋಗಿದ್ದೆ. ಬಾಗಿಲು ತೆಗೆದರು. ಒಂದು ಚೊಂಬು ನೀರು, ಅರ್ಧ ನಿಂಬೆಹಣ್ಣು, ಕೋಳಿಗೆ ಹಾಕುವ ಲಸಿಕೆಯ ಪೊಟ್ಟಣ. ಅಷ್ಟೇ. ನಾನು ಊರಿಗೆಲ್ಲ ಹೇಳಿದೆ. ಯಾರೂ ನಂಬಲಿಲ್ಲ. "ನಿಂಗ್ ಕಾಣಂಗೆ ಇಟ್ಟಾರೇನ್ಲಾ?" ಎಂದರು.

ನಮ್ಮಜ್ಜಿಗಂತೂ ಆ ಪೆಟ್ಟಿಗೆಯ ಮೇಲೆ ಬೇರೆ ರೀತಿಯ ಗುಮಾನಿ. ಅದರೊಳಗಿಟ್ಟ ಅನ್ನ ಕೆಡುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, "ಕೆಡ್ದೇ ಇರೋದು ಎಂಗ್ಲಾ ಅನ್ನ ಆಯ್ತದೆ?" ಎಂದು ಕೇಳಿದ್ದಳು. ಈಗ ಯೋಚಿಸಿದರೆ ಅಜ್ಜಿಯ ಪ್ರಶ್ನೆ ಅಷ್ಟೇನೂ ಪೆದ್ದಲ್ಲ.

ನಮ್ಮ ಮನೆಗೆ ಫ್ರಿಜ್ಜು ಬಂದದ್ದು ಮಗಳು ಸುಧಾ ಶಾಲೆಗೆ ಸೇರಿದ ವರ್ಷ. ಒಂಟಿ ಬಾಗಿಲಿನದು, ಕಡುಗೆಂಪು ಬಣ್ಣ, ನನ್ನ ಎದೆಮಟ್ಟ. ಸುಧಾ ಓದಿ, ಟೀಚರಾಗಿ, ಮದುವೆಯಾಗಿ ಹನೂರಿಗೆ ಹೋದಳು. ಫ್ರಿಜ್ಜು ಇದ್ದಲ್ಲೇ ಇತ್ತು. ಇಂಥ ಯಂತ್ರಗಳಿಗೆ ಹತ್ತು ಹದಿನೈದು ವರ್ಷ ಆಯಸ್ಸು ಎನ್ನುತ್ತಾರೆ. ನಮ್ಮದು ಅದನ್ನು ಕೇಳಿಸಿಕೊಂಡಿರಲಿಲ್ಲ. ಕಾಯಿಲೆಗಳು ಬರಲಿಲ್ಲವೆಂದಲ್ಲ. ಬಾಗಿಲಿನ ರಬ್ಬರು ಸಡಿಲವಾಗಿ ತಂಪೆಲ್ಲ ಅಡುಗೆಮನೆಗೆ ಸೋರಿತು. ಒಮ್ಮೆ ತರಕಾರಿ ಡಬ್ಬಿಯ ಕೆಳಗೆ ನೀರು ನಿಂತು, ಅದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗದೆ ಗೌರಮ್ಮ ಸೂರಿನ ಹೆಂಚನ್ನು ದೂರಿದಳು. ಇನ್ನೊಮ್ಮೆ ಹಿಂದುಗಡೆಯ ಬೆಚ್ಚನೆಯ ಜಾಗದಲ್ಲಿ ಹಲ್ಲಿ ಸಂಸಾರ ಹೂಡಿತು. ವೋಲ್ಟೇಜು ಕುಣಿದಾಗ ಗೂಳಿಯ ಹಾಗೆ ಗುಟುರು ಹಾಕಿತು. ಪ್ರತಿಸಲವೂ ರಿಪೇರಿಯವನು ಬಂದು, "ಹೊಸದ್ ತಕಬುಡಿ ಸಾ" ಎನ್ನುತ್ತಿದ್ದ. ಹೊಸದು ಮಾರಿದರೆ ಇವನಿಗೇನೋ ಸಿಗುತ್ತದೆ ಎಂದು ಗೌರಮ್ಮನ ಅನುಮಾನ. ಹಾಗಾಗಿ ಹಳೆಯದೇ ಉಳಿಯುತ್ತಿತ್ತು.

ಇಷ್ಟೆಲ್ಲ ದಾಟಿ ಬಂದ ಮೇಲೆ, ಹೋದ ಬೇಸಿಗೆಯ ಹೊತ್ತಿಗೆ, ಅದು ಇದ್ದಕ್ಕಿದ್ದಂತೆ ಯೌವನ ಬಂದವರ ಹಾಗೆ ಕೆಲಸ ಮಾಡತೊಡಗಿತು. ಪಕ್ಕದ ಮನೆಗಳ ಫ್ರಿಜ್ಜುಗಳು ಏದುಸಿರು ಬಿಡುತ್ತಿದ್ದರೆ ನಮ್ಮದರಲ್ಲಿ ಮಜ್ಜಿಗೆಯ ಮೇಲೆ ತೆಳ್ಳಗೆ ಐಸಿನ ಕೆನೆ. ನೀರಿನ ಬಾಟಲಿ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಬಂದವರಿಗೆಲ್ಲ ಗೌರಮ್ಮ ಅದೇ ನೀರು ಕೊಟ್ಟು, ಅವರು ಹಲ್ಲು ಹಿಡಿದುಕೊಳ್ಳುವುದನ್ನು ನೋಡಿ, "ಅಳೇದೇ ಅಳೇದು. ಈಗಿನವು ಇಂಗೆ ಮಾಡವಾ?" ಎಂದು ಹೆಮ್ಮೆಪಡುತ್ತಿದ್ದಳು.

ನನ್ನ ದೇಹದ ವಿಷಯ ಮಾತ್ರ ಹೆಮ್ಮೆಪಡುವಂತಿರಲಿಲ್ಲ. ಮಾತ್ರೆಯಲ್ಲಿ ಬಗ್ಗದ ಸಕ್ಕರೆಗೆ ಡಾಕ್ಟರು ಇನ್ಸುಲಿನ್ ಬರೆದಿದ್ದರು. ಬೆಳಿಗ್ಗೆ ತಿಂಡಿಗೆ ಮುಂಚೆ ನಾನೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಬಾಟಲಿಯನ್ನು ತಂಪಿನಲ್ಲಿಡಬೇಕೆಂದು ಹೇಳಿದ್ದರಿಂದ ಗೌರಮ್ಮ ಅದನ್ನು ಕಾಗದದ ಡಬ್ಬಿ ಸಮೇತ ಫ್ರಿಜ್ಜಿನ ಅತಿ ತಂಪಾದ ಜಾಗದಲ್ಲಿ, ಐಸಿನ ಖಾನೆಯ ಅಡಿಯ ತಟ್ಟೆಯಲ್ಲಿ ಇಟ್ಟಿದ್ದಳು. ದೇವರ ಮನೆಯಲ್ಲಿ ಬೆಳ್ಳಿ ಸಾಮಾನು ಇಟ್ಟಷ್ಟೇ ಶ್ರದ್ಧೆಯಿಂದ. ಏಳುತ್ತಲೇ ಡಬ್ಬಿಯನ್ನು ತೆಗೆದು ಗೂಡಿನಲ್ಲಿಡುವಳು. ನಾನು ಸ್ನಾನ, ಪೇಪರು ಮುಗಿಸಿ ಚುಚ್ಚಿಕೊಳ್ಳುವ ಹೊತ್ತಿಗೆ ಚಳಿ ಬಿಟ್ಟಿರುತ್ತಿತ್ತು. ಮೊದಲು ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ಸಕ್ಕರೆ ಏರತೊಡಗಿತು. ಬೆರಳು ಚುಚ್ಚಿ ನೋಡುವ ಪುಟ್ಟ ಮಿಷನ್ನು ದಿನವೂ ಹೆಚ್ಚು ಹೆಚ್ಚು ತೋರಿಸಿತು. ಡಾಕ್ಟರು ಡೋಸು ಏರಿಸಿದರು. ಸಕ್ಕರೆ ಇಳಿಯಲಿಲ್ಲ.

ಆ ಸಮಯಕ್ಕೇ ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಲ್ಲಿ ಗಾಯವಾಯಿತು. ಚಪ್ಪಲಿ ಕಚ್ಚಿದ ಗಾಯವನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಆದರೆ ಅದು ಮಾಯಲಿಲ್ಲ. ಅಂಚು ಕಪ್ಪಾಯಿತು. ಡಾಕ್ಟರು ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ, ನನ್ನ ಮುಖ ನೋಡದೆ, "ಸಕ್ಕರೆ ಹತೋಟಿಗೆ ಬರದಿದ್ದರೆ ಈ ಬೆರಳನ್ನು ಉಳಿಸಿಕೊಳ್ಳೋದು ಕಷ್ಟ. ಬಾಯಿ ಕಟ್ಟಿ" ಎಂದರು.

"ಕಟ್ಟಿದ್ದೀನಿ ಸಾರ್."

ಅವರು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತು. "ಪಾಸ್ ಮನೇಲ್ ಮರ್ತ್ ಬಂದೆ" ಎನ್ನುವವರನ್ನು ನಾನು ನೋಡುತ್ತಿದ್ದುದು ಹಾಗೆಯೇ.

ಕ್ಲಿನಿಕ್ಕಿನ ಮೆಟ್ಟಿಲಿಳಿಯುತ್ತಿದ್ದಂತೆ ಗೌರಮ್ಮ ಕೇಳಿದಳು, "ನಿಜ ಯೋಳಿ. ಎಲ್ಲಿ ತಿಂತಾ ಇದ್ದರಿ?"

ಈಗ ನಂಜುಂಡನ ವಿಷಯ ಹೇಳಬೇಕು. ನಂಜುಂಡ ಮುಳ್ಳೂರಿನವನು, ಕಬ್ಬಿನ ಬೇಸಾಯ. ನಾನು ಕಂಡಕ್ಟರಾಗಿದ್ದಾಗ ನನ್ನ ಬಸ್ಸಿನಲ್ಲಿ ಓಡಾಡುತ್ತ ಸ್ನೇಹಿತನಾದವನು. ಚಿಲ್ಲರೆಗಾಗಿ ನನ್ನ ಜೊತೆ ಜಗಳವಾಡದ ಒಬ್ಬನೇ ಒಬ್ಬ ಪ್ರಯಾಣಿಕ. ಅವನಿಗೆ ಊರಾಚೆ ಒಂದು ಆಲೆಮನೆ ಇದೆ. ಅಲ್ಲಿ ಕಬ್ಬು ಅರೆದು, ಅದರ ಹಾಲಿಗೆ ಕೊಳೆ ಬಿಡಲೆಂದು ಚೂರು ಸುಣ್ಣ ಹಾಕಿ, ಕಾಯಿಸಿ ಬೆಲ್ಲ ಮಾಡುತ್ತಾರೆ. ನಿವೃತ್ತಿಯಾದ ಮೇಲೆ ನಾನು ಹೆಚ್ಚುಕಡಿಮೆ ದಿನವೂ ಸಂಜೆ ಆಟೋ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ನಂಜುಂಡ ನೊರೆ ತೆಗೆಯುತ್ತ ಊರಿನ ಸುದ್ದಿ ಹೇಳುತ್ತಾನೆ. ನಾನು ಕಲ್ಲುಚಪ್ಪಡಿಯ ಮೇಲೆ ಕೂತು ಕೇಳುತ್ತೇನೆ. ಇಷ್ಟೇ.

ನಿಮಗೂ ಅನುಮಾನ ಬಂತಲ್ಲವೇ? ಸಕ್ಕರೆ ಕಾಯಿಲೆಯವನು ದಿನವೂ ಆಲೆಮನೆಗೆ ಹೋಗಿ ಬರೀ ಸುದ್ದಿ ಕೇಳಿ ಬರುತ್ತಾನೆ ಎಂದರೆ ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ. ನನ್ನ ಅಂಗಿಗೆ ಬಿಸಿ ಬೆಲ್ಲದ ವಾಸನೆ ಅಂಟಿಕೊಂಡೇ ಬರುತ್ತಿತ್ತು. ಗೌರಮ್ಮ ಒಗೆಯುವ ಮುಂಚೆ ಅಂಗಿಯನ್ನು ಮೂಗಿಗೆ ಹಿಡಿದು, ಜೇಬಿನೊಳಕ್ಕೂ ಮೂಗು ತೂರಿಸಿ ನೋಡುತ್ತಿದ್ದಳು. ಆದರೆ ದೇವರಾಣೆಗೂ ನಾನು ಬಾಯಿಗೆ ಹಾಕಿದವನಲ್ಲ. ನಂಜುಂಡನೇ ಕೊಡುತ್ತಿರಲಿಲ್ಲ. "ನಿನ್ ಕಾಲು ನೆಟ್ಗಾಗ್ಲಿ. ಬೆಲ್ಲ ಎಲ್ಲೋಯ್ತದೆ?" ಎನ್ನುತ್ತಿದ್ದ.

ಇಷ್ಟರಲ್ಲಿ ಸುಧಾಳ ಮಗುವಿನ ನಾಮಕರಣ ಬಂತು. ಹನೂರಿಗೆ ಹೊರಡುವ ಗಡಿಬಿಡಿಯಲ್ಲಿ ತೊಟ್ಟಿಲಿಗೆ ಹಾಸುವ ಬಟ್ಟೆಯಿಂದ ಹಿಡಿದು ಬೇವಿನ ಸೊಪ್ಪಿನವರೆಗೆ ಎಲ್ಲವನ್ನೂ ಕಟ್ಟಿಕೊಂಡ ನಾವು ನನ್ನ ಇನ್ಸುಲಿನ್ನನ್ನು ಮರೆತೆವು. ಅಳಿಯ ಅಲ್ಲಿನ ಮೆಡಿಕಲ್ ಶಾಪಿನಿಂದ ಹೊಸ ಬಾಟಲಿ ತಂದುಕೊಟ್ಟ. ಅವರ ಮನೆಯ ಫ್ರಿಜ್ಜು ಎರಡು ಬಾಗಿಲಿನದು, ನಮ್ಮ ಬೀರುವಿಗಿಂತ ಎತ್ತರ. ಒಳಗೆ ಎಷ್ಟು ಸಾಮಾನು ತುಂಬಿತ್ತೆಂದರೆ ಬಾಟಲಿಗೆ ಬಾಗಿಲಿನ ಮೊಟ್ಟೆಗುಳಿಯ ಪಕ್ಕದಲ್ಲಿ ಮಾತ್ರ ಜಾಗ ಸಿಕ್ಕಿತು. ಬಾಗಿಲಲ್ಲಿ ತಂಪು ಸಾಲದು ಎಂದು ಗೌರಮ್ಮನಿಗೆ ಅಸಮಾಧಾನ. ಬೀಗರ ಮನೆಯೆಂದು ಸುಮ್ಮನಾದಳು.

ಅಲ್ಲಿದ್ದ ದಿನಗಳಲ್ಲಿ ನನ್ನ ಸಕ್ಕರೆ ಮಳೆ ನಿಂತ ಮೇಲಿನ ಹೊಳೆಯ ಹಾಗೆ ಇಳಿಯಿತು. ನಾಮಕರಣದ ದಿನ ಬೀಗಿತ್ತಿ ಬಲವಂತ ಮಾಡಿ, ಗೌರಮ್ಮನ ಎದುರಿಗೇ ಅರ್ಧ ಹೋಳಿಗೆ ಬಡಿಸಿದರು. ತಿಂದೆ. ಮಾರನೆಯ ದಿನವೂ ಮಿಷನ್ನು ಒಳ್ಳೆಯ ಅಂಕಿಯನ್ನೇ ತೋರಿಸಿತು. ನನಗೆ ಖುಷಿಯೋ ಖುಷಿ. ಗೌರಮ್ಮ ಮಾತ್ರ ಆ ಅಂಕಿಯನ್ನು ನೋಡಿ ತುಟಿ ಬಿಗಿಹಿಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ಊರು ಹತ್ತಿರ ಬಂದಾಗ ತಿರುಗಿದಳು.

"ಎಲ್ಲಾರ್ ಎದ್ರುಗೆ ಅರ್ದ ಒಬ್ಬಟ್ಟು ತಿಂದ್ರೂ ಏರ್ನಿಲ್ಲ. ಹಂಗಾದ್ರೆ ಊರಲ್ಲಿ ಅಷ್ಟು ಏರ್ಬೇಕಾದ್ರೆ ಎಷ್ಟ್ ತಿಂತಾ ಇರ್ಬೇಕು ನೀವು?"

ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಹನೂರಿನಲ್ಲಿ ಇಳಿಯಿತು, ಕೊಳ್ಳೇಗಾಲದಲ್ಲಿ ಏರುತ್ತದೆ. ಹನೂರಿನಲ್ಲಿ ಇಲ್ಲದ್ದು, ಇಲ್ಲಿ ಇರುವುದು ಯಾವುದು? ಮುಳ್ಳೂರು. ಆಲೆಮನೆ. ನಂಜುಂಡ.

ಹನೂರಿನಿಂದ ತಂದ ಬಾಟಲಿಯನ್ನು ಗೌರಮ್ಮ ಮತ್ತೆ ಅದೇ ತಟ್ಟೆಯಲ್ಲಿ ಭದ್ರವಾಗಿಟ್ಟಳು. ಕೆಲವೇ ದಿನಗಳಲ್ಲಿ ಸಕ್ಕರೆ ಮತ್ತೆ ಏರಿತು. ಆ ವಾರವೇ ನಂಜುಂಡ, ಮೊಮ್ಮಗುವಿನ ಫೋಟೋ ನೋಡಬೇಕೆಂದು, ಒಂದು ಚೀಲ ಬದನೆಕಾಯಿ ಹಿಡಿದು ಮನೆಗೆ ಬಂದ. ನಾನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ, ಬೆರಳಿಗೆ ಬಿಳಿಯ ಪಟ್ಟಿ. ಗೌರಮ್ಮ ಬಾಗಿಲಿಗೆ ಬಂದಳು. ಅವನು ಮೆಟ್ಟಿಲು ಹತ್ತುವ ಮುಂಚೆಯೇ ಕೇಳಿದಳು:

"ಅಣ್ಣ, ನಾಳೆ ಇವರ ಕಾಲ್ ತಗುದ್ರೆ ನೀವು ಒತ್ಕಂಡು ತಿರುಗ್ತೀರಾ?"

ನಂಜುಂಡನಿಗೆ ಅರ್ಥವಾಗಲಿಲ್ಲ. "ಏನವ್ವಾ ಇದು?"

"ಬೆಲ್ಲ ತಿನ್ಸಿ ತಿನ್ಸಿ ಕೊಲ್ತಾ ಇದ್ದರಿ. ಸ್ನೇಯ ಅಂದ್ರೆ ಇದಾ?"

"ಗೌರಾ!" ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ.

ನಂಜುಂಡ ನನ್ನ ಮುಖ ನೋಡಿದ. ನಾನು ಏನಾದರೂ ಹೇಳುತ್ತೇನೆಂದು ಕಾದ. ನಾನು, "ಇಲ್ಲ ಕಣೇ, ಅವನು ಕೊಟ್ಟಿಲ್ಲ, ನಾನು ತಿಂದಿಲ್ಲ" ಎಂದು ಹೇಳಿದೆ. ಹೇಳುತ್ತಿರುವಾಗಲೇ ಅದು ಕಳ್ಳರಿಬ್ಬರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದ ಹಾಗೆ ನನ್ನ ಕಿವಿಗೇ ಕೇಳಿಸಿತು. ಅವನು ಬದನೆಕಾಯಿಯ ಚೀಲವನ್ನು ಮೆಟ್ಟಿಲ ಪಕ್ಕ ಇಟ್ಟ.

"ಆಯ್ತು ಕಣವ್ವ. ಇನ್ಮೇಕೆ ನಾ ಈ ಮನೆ ಮೆಟ್ಲು ತುಳಿಯಾಕಿಲ್ಲ. ಅವ್ನ್ ಕಾಲು ನೆಟ್ಗಾಗ್ಲಿ, ಸಾಕು."

ಹೋದ. ಫೋಟೋ ನೋಡಲಿಲ್ಲ. ನಾನು ಫೋನು ಮಾಡಿದರೆ ಎತ್ತಲಿಲ್ಲ.

ಅಂದಿನಿಂದ ನನಗೆ ಮನೆಯಲ್ಲೇ ಕಾವಲು. ಮುಳ್ಳೂರು ಬಂದ್. ಪೇಟೆಗೆ ಹೋದರೆ ಜೊತೆಗೆ ಗೌರಮ್ಮ. ಸಕ್ಕರೆ, ಬೆಲ್ಲ, ಅವಲಕ್ಕಿ, ಕೊನೆಗೆ ಬಾಳೆಹಣ್ಣೂ ಕಬ್ಬಿಣದ ಟ್ರಂಕು ಸೇರಿದವು. ಹೊನ್ನೂರಿನ ಸಾಹುಕಾರರ ಮನೆಯಮ್ಮನಂತೆ ಇವಳ ಸೊಂಟದಲ್ಲೂ ಕೀಲಿಕೈ ತೂಗಾಡಿತು. ಅವಳು ಮುದ್ದೆ ಮುರಿದ ಮೇಲೇ ನಾನು ಮುರಿಯಬೇಕು, ಅವಳು ತಿಂದದ್ದನ್ನೇ ತಿನ್ನಬೇಕು, ಅವಳ ಕಣ್ಣೆದುರೇ ತಿನ್ನಬೇಕು. ಹಿತ್ತಲಿಗೆ ಹೋದರೂ ಕೆಮ್ಮಿ ಹೋಗಬೇಕು. ಟಿಕೆಟ್ ತಪಾಸಣೆಯ ಸ್ಕ್ವಾಡಿನವರು ಬಸ್ಸು ನಿಲ್ಲಿಸಿದರೆ ಅರ್ಧ ಗಂಟೆಯಲ್ಲಾದರೂ ಬಿಟ್ಟು ಹೋಗುತ್ತಾರೆ. ಇದು ಇಳಿದು ಹೋಗದ ತಪಾಸಣೆ.

ಇಷ್ಟೆಲ್ಲ ಮಾಡಿದರೂ ಸಕ್ಕರೆ ಇಳಿಯಲಿಲ್ಲ.

ಆಗ ಒಂದು ವಿಚಿತ್ರ ನಡೆಯಿತು. ನನಗೆ ನನ್ನ ಮೇಲೇ ಅನುಮಾನ ಬಂತು. ನಿದ್ದೆಯಲ್ಲಿ ಎದ್ದು ಏನಾದರೂ ತಿನ್ನುತ್ತಿರಬಹುದೇ? ಮರೆವು ಬಂದು, ತಿಂದದ್ದನ್ನೇ ಮರೆಯುತ್ತಿರಬಹುದೇ? ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯನ್ನು ಅಂಗುಳಿಗೆ ಸವರಿ ಸಿಹಿಯ ಗುರುತು ಹುಡುಕುತ್ತಿದ್ದೆ. ಎಲ್ಲರೂ ಸೇರಿ ಕಳ್ಳ ಎಂದರೆ ಒಂದು ದಿನ ನಮ್ಮ ಜೇಬನ್ನು ನಾವೇ ತಡಕಿ ನೋಡುತ್ತೇವೆ. ಬೆರಳಿನ ಕಪ್ಪು ಉಗುರಿನ ಬುಡಕ್ಕೆ ಬಂದಿತ್ತು. ಡಾಕ್ಟರು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆಯಲೇ ಎಂದು ಕೇಳಿದ್ದರು. ಒಂದು ವಾರ ಸಮಯ ಕೇಳಿಕೊಂಡು ಬಂದಿದ್ದೆವು.

ಗೌರಮ್ಮನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅವಳ ಅನುಮಾನ ನೇರವಾದದ್ದು. ಒಬ್ಬರ ಮೇಲೆ ಅನುಮಾನ ಬಂದರೆ ಅವರನ್ನೇ ಕಚ್ಚಿ ಹಿಡಿದುಕೊಳ್ಳುವ ಜಾತಿಯಲ್ಲ ಅವಳು. ಪೂರ್ತಿ ಶೋಧಿಸುತ್ತಾಳೆ, ಏನೂ ಸಿಗದಿದ್ದರೆ ಬಿಟ್ಟು ಮುಂದಿನವರ ಕಡೆ ತಿರುಗುತ್ತಾಳೆ. ನನ್ನನ್ನು ಶೋಧಿಸಿ ಮುಗಿಸಿದ್ದಳು. ಒಂದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿ, ಫ್ರಿಜ್ಜಿನಿಂದ ಕೊತ್ತಂಬರಿ ಸೊಪ್ಪು ತೆಗೆದವಳು ಅಲ್ಲೇ ನಿಂತಳು. ಸೊಪ್ಪು ಗಾಜಿನ ಹಾಗಿತ್ತು. ಬೆರಳಲ್ಲಿ ಹಿಡಿದರೆ ಪುಡಿಯಾಯಿತು. ಹಿಂದಿನ ದಿನದ್ದೂ ಹಾಗೇ ಆಗಿತ್ತಂತೆ. ಸೌತೆಕಾಯಿಯೂ ಒಳಗೆ ಹರಳುಗಟ್ಟಿ, ಹೊರಗಿಟ್ಟ ಮೇಲೆ ನೀರು ಬಿಟ್ಟು ಕೊಳೆತಿತ್ತಂತೆ. ಅದನ್ನು ಮಾರಿದವನ ಜೊತೆ ಅವಳು ಜಗಳವಾಡಿಯೂ ಬಂದಿದ್ದಳು. ಸೊಪ್ಪು ಹಿಡಿದು ಅವಳು ಫ್ರಿಜ್ಜನ್ನು ಕಾಲಿಂದ ತಲೆಯವರೆಗೆ ನೋಡಿದಳು. ಆ ನೋಟ ನನ್ನ ಬದಲು ಬೇರೊಬ್ಬರ ಮೇಲೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ ಅದೇ ಮೊದಲು.

ನನಗೆ ಏನೂ ಹೇಳಲಿಲ್ಲ. ಆ ಸಂಜೆ, ಸುಧಾ ಮಗುವಾಗಿದ್ದಾಗ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯನ್ನು ತೊಳೆದು, ನೀರು ತುಂಬಿ, ಇನ್ಸುಲಿನ್ ಡಬ್ಬಿಯ ಪಕ್ಕದಲ್ಲಿ ಇಟ್ಟಳು.

ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಅವಳು ಬಂದು ನನ್ನ ಪೇಪರಿನ ಮೇಲೆ ಒಳಲೆಯನ್ನು ಬೋರಲು ಹಾಕಿದಳು. ನೀರು ಚೆಲ್ಲೀತೆಂದು ನಾನು ಕಾಲು ಹಿಂದಕ್ಕೆಳೆದುಕೊಂಡೆ. ಏನೂ ಬೀಳಲಿಲ್ಲ. ಅವಳು ಒಳಲೆಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು. ಒಳಲೆಯ ಆಕಾರದ್ದೇ ಒಂದು ಐಸಿನ ತುಂಡು ಪೇಪರಿನ ಮೇಲೆ ಜಾರಿ ಬಿತ್ತು.

"ಇದು ನಿಮ್ ಔಸ್ದಿ ಪಕ್ಕದಲ್ಲಿತ್ತು" ಎಂದಳು.

ನಾನು ತುಂಡನ್ನು ನೋಡಿದೆ. ಅವಳು ಸೆರಗಿನಡಿಯಿಂದ ಕಾಗದದ ಡಬ್ಬಿ ತೆಗೆದು, ಅದರೊಳಗಿನ ಬಾಟಲಿಯನ್ನು ಹೊರಗೆಳೆದು ನನ್ನ ಕೈಗಿಟ್ಟಳು. ಒಳಗೆ ಬಿಳಿಯ ಗಟ್ಟಿ. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ಇಷ್ಟು ದಿನವೂ ಡಬ್ಬಿಯನ್ನು ಮುಚ್ಚಿದ ಹಾಗೇ ತೆಗೆದಿಟ್ಟು, ಕರಗಿದ ಮೇಲೆ ನನಗೆ ಕೊಡುತ್ತಿದ್ದಳು. ಕಲಕಿದರೆ ಹಾಲಿನ ಹಾಗಿರುವ ಔಷಧಿಯಾದ್ದರಿಂದ ನನ್ನ ಚಾಳೀಸಿನ ಕಣ್ಣಿಗೂ ಏನೂ ವ್ಯತ್ಯಾಸ ಕಂಡಿರಲಿಲ್ಲ.

ಪೇಪರಿನ ಮೇಲೆ ಐಸು ಕರಗಿ, ಯಾರದೋ ಭಾಷಣವನ್ನು ತೋಯಿಸುತ್ತಿತ್ತು.

ಡಾಕ್ಟರು ಬಾಟಲಿ ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಒಮ್ಮೆ ಹೆಪ್ಪುಗಟ್ಟಿದರೆ ಇದರ ಶಕ್ತಿ ಹೋಯಿತು. ನೀವು ಇಷ್ಟು ದಿನ ಬರೀ ನೀರು ಚುಚ್ಚಿಕೊಂಡ ಹಾಗೆ. ಫ್ರಿಜ್ಜಲ್ಲಿಡಿ ಅಂದರೆ ಐಸಿನ ಹತ್ತಿರ ಅಲ್ಲ, ಬಾಗಿಲ ಕಡೆ" ಎಂದರು. ಹೊಸ ಬಾಟಲಿ ಬರೆದರು. ಸರಿಯಾದ ಔಷಧಿ ಒಳಗೆ ಹೋದಾಗ ಇದ್ದಕ್ಕಿದ್ದಂತೆ ಸಕ್ಕರೆ ಕುಸಿಯಬಾರದೆಂದು ಡೋಸನ್ನು ತಗ್ಗಿಸಿದರು. ಮೈಸೂರಿನ ಚೀಟಿಯ ಮಾತು ಎತ್ತಲಿಲ್ಲ.

ಮನೆಗೆ ಬಂದ ರಿಪೇರಿಯವನು ಫ್ರಿಜ್ಜಿನ ಹಿಂದೆ ಕಿವಿಯಿಟ್ಟು, "ಥರ್ಮೋಸ್ಟ್ಯಾಟ್ ಅಂಟ್ಕಂಡದೆ ಸಾ. ಮಿಷನ್ನು ನಿಲ್ದೇ ಓಡ್ತಾ ಅದೆ" ಎಂದ. ತಂಪು ಸಾಕು ಎಂದು ಯಂತ್ರಕ್ಕೆ ಹೇಳುವ ಭಾಗ ಅದು. ಹೇಳುವವರು ಬಾಯಿ ಮುಚ್ಚಿಕೊಂಡಿದ್ದರು, ಯಂತ್ರ ಹಗಲೂ ರಾತ್ರಿ ದುಡಿದಿತ್ತು, ನಾವು ಅದನ್ನು ಬಂದವರಿಗೆಲ್ಲ ಹೊಗಳಿದ್ದೆವು. ಆ ಭಾಗ ಬದಲಾಯಿಸಬಹುದು, ಆದರೆ ರಬ್ಬರೂ ಹೋಗಿದೆ, ತಳವೂ ತುಕ್ಕು ಹಿಡಿದಿದೆ ಎಂದ. "ಹೊಸದ್ ತಕಬುಡಿ" ಎಂದು ಈ ಸಲ ಅವನು ಹೇಳಲಿಲ್ಲ. ಗೌರಮ್ಮನೇ ಹೇಳಿದಳು.

ಫ್ರಿಜ್ಜಿನ ಅಂಗಡಿಯಲ್ಲಿ ಅವಳನ್ನು ನೀವು ನೋಡಬೇಕಿತ್ತು. ಅಂಗಡಿಯ ಮಾಲೀಕ ಕೈಮುಗಿದು, "ಮನೇಲಿ ಎಷ್ಟ್ ಜನ ತಾಯಿ?" ಎಂದ.

"ನಿಮ್ಗ್ಯಾಕೆ?"

"ಸೈಜ್ ನೋಡಕೆ ಅಷ್ಟೇ."

ಇಬ್ಬರು ಎಂದೆ ನಾನು. ಅವನು ಎರಡು ಬಾಗಿಲಿನ ದೊಡ್ಡದೊಂದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಗೌರಮ್ಮ ಅದರ ಒಳಗೆ ಇಣುಕಿ, "ಇಬ್ರುಗೆ ಇಷ್ಟುದ್ದದ್ದು ಯಾಕೆ? ನಮ್ಮನ್ನೇ ಒಳಗಿಡಕಾ?" ಎಂದಳು. ಮಗಳು ಮೊಮ್ಮಗು ಬಂದರೆ ಬೇಕಾಗುತ್ತದೆ ಎಂದ. ಬಂದವರು ಎರಡು ದಿನವಿದ್ದು ಹೋಗುತ್ತಾರೆ, ಉಳಿದ ದಿನ ಖಾಲಿ ಬೀರುವಿಗೆ ಕರೆಂಟು ಕೊಡಬೇಕೇ ಎಂದಳು. ಅಡುಗೆಮನೆಯ ಮೂಲೆಯನ್ನು ಅವಳು ಮೊದಲೇ ದಾರದಲ್ಲಿ ಅಳೆದು ತಂದಿದ್ದಳು. ಹಿಂದೆ ಗೋಡೆಗೆ ತಾಗದಂತೆ ಒಂದು ಗೇಣು, ಒಲೆಯಿಂದ ದೂರ, ಬಾಗಿಲು ಪೂರ್ತಿ ತೆರೆದರೂ ಕಟ್ಟೆಗೆ ಬಡಿಯಬಾರದು. ಕೊನೆಗೆ ಮಧ್ಯಮದೊಂದು ಆರಿಸಿದಳು. ಐಸಿನ ಖಾನೆ ಎಲ್ಲಿದೆ, ಅದರ ಗಾಳಿ ಎಲ್ಲಿಗೆ ಬೀಸುತ್ತದೆ, ಬಾಗಿಲಿನ ಗೂಡಿಗೂ ಬೀಸುತ್ತದೆಯೇ ಎಂದು ಅವಳು ಕೇಳಿದ್ದಕ್ಕೆಲ್ಲ ಉತ್ತರಿಸಿ ಮಾಲೀಕನ ಹಣೆ ಬೆವೆತಿತ್ತು. ಅವನು ಗ್ಯಾರಂಟಿ ಎಂದಾಗ, "ಮಿಷನ್ನಿಗಾ, ನಿಮ್ ಮಾತಿಗಾ?" ಎಂದು ಕೇಳಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಮಿಷನ್ನಿನ ಅಂಕಿ ಇಳಿದು ನಿಂತಿತು. ಬೆರಳಿನ ಕಪ್ಪು ಹಿಂದೆ ಸರಿದು, ಅಡಿಯಲ್ಲಿ ಮಗುವಿನ ಚರ್ಮದಂಥ ಗುಲಾಬಿ ಚರ್ಮ ಬಂತು. ಡಾಕ್ಟರು ಪಟ್ಟಿ ಬಿಚ್ಚಿ, ಇನ್ನು ಕಟ್ಟುವುದು ಬೇಡ ಎಂದರು. ಗೌರಮ್ಮ ಆ ಬೆರಳನ್ನು ಬಹಳ ಹೊತ್ತು ನೋಡಿದಳು. ನನ್ನನ್ನು ನೋಡಲಿಲ್ಲ. ಟ್ರಂಕಿನ ಬೀಗ ಮಾರನೆಯ ದಿನದಿಂದ ಕಾಣಲಿಲ್ಲ.

ಆದರೆ ನಂಜುಂಡನ ವಿಷಯ ಹಾಗೇ ಉಳಿದಿತ್ತು. ನಾನು ಒಬ್ಬನೇ ಹೋಗಿ ಹೇಳಬಹುದಿತ್ತು. ಅವನು ಕೇಳಬೇಕಾದ ಮಾತು ನನ್ನದಲ್ಲ ಎಂದು ನನಗೆ ಗೊತ್ತಿತ್ತು. ಗೌರಮ್ಮ ಹೋಗುತ್ತಾಳೆಂಬ ನಂಬಿಕೆಯೂ ಇರಲಿಲ್ಲ. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ 'ತಪ್ಪಾಯ್ತು' ಎಂಬ ಮಾತು ಅವಳ ಬಾಯಿಂದ ಕೇಳಿದವನಲ್ಲ ನಾನು. ಒಂದು ಸಂಜೆ ಅವಳು ಸೀರೆ ಬದಲಾಯಿಸಿ ಬಂದು, "ಏಳಿ. ಆಟೋ ನಿಂತದೆ" ಎಂದಳು. ಎಲ್ಲಿಗೆ ಎಂದು ಕೇಳಿದರೆ ಮನಸ್ಸು ಬದಲಾಯಿಸಿಯಾಳೆಂದು ಕೇಳಲಿಲ್ಲ.

ಮುಳ್ಳೂರಿನ ಆಲೆಮನೆಯಲ್ಲಿ ಹಾಲು ಹದಕ್ಕೆ ಬಂದಿತ್ತು. ನಂಜುಂಡ ನಮ್ಮನ್ನು ನೋಡಿದ, ಮತ್ತೆ ಕೊಪ್ಪರಿಗೆಯ ಕಡೆ ತಿರುಗಿದ. ಗೌರಮ್ಮ ಕಬ್ಬಿನ ಸಿಪ್ಪೆಯ ಮೇಲೆ ಕಾಲಿಡುತ್ತ ಅವನ ಎದುರಿಗೇ ಹೋಗಿ ನಿಂತಳು. ಒಲೆಯ ಝಳ ಅವಳ ಮುಖಕ್ಕೆ ಹೊಡೆಯುತ್ತಿತ್ತು.

"ಅಣ್ಣ, ಕೆಟ್ಟಿದ್ದು ನಮ್ ಫ್ರಿಜ್ಜು. ಔಸ್ದಿ ಐಸಾಗಿತ್ತು. ನೀವೂ ಕೊಡ್ನಿಲ್ಲ, ಇವ್ರೂ ತಿನ್ನಿಲ್ಲ. ಆ ಮಾತ್ ಅಂದೋಳು ನಾನು. ತಪ್ಪಾಯ್ತು."

ನಂಜುಂಡ ಕೈಯಲ್ಲಿದ್ದ ಸಟ್ಟುಗವನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿದ. ನನ್ನ ಕಾಲನ್ನು ನೋಡಿದ. ನಾನು ಚಪ್ಪಲಿ ಬಿಟ್ಟು ಬೆರಳು ಅಲ್ಲಾಡಿಸಿ ತೋರಿಸಿದೆ.

"ಉಳೀತಾ?"

"ಉಳೀತು."

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೊಗೆಗೆ ಎಂಬಂತೆ ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಕಬ್ಬಿನ ಗರಿಯ ಮೇಲೆ ಒಂದಿಷ್ಟು ಬಿಸಿ ಬೆಲ್ಲ ಹಾಕಿ, ಆರಿಸಿ, ಗೌರಮ್ಮನ ಕಡೆ ಚಾಚಿದ. "ಅವ್ನ್ಗಂತೂ ಇಲ್ಲ. ನೀ ತಿನ್ನವ್ವ."

"ಬ್ಯಾಡಣ್ಣ."

"ಯಾಕವ್ವ? ಇನ್ನೂವೆ ಕ್ವಾಪನಾ?"

"ಕ್ವಾಪ ಅಲ್ಲ." ಅವಳು ನನ್ನ ಕಡೆ ನೋಡದೆ ಹೇಳಿದಳು. "ಇವ್ರು ಸೀ ಬುಟ್ಟಾಗ್ಲಿಂದ ನಾನೂ ಬುಟ್ಟಿವ್ನಿ."

ದಿನವೂ ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಂಡಿದ್ದೇವೆ. ಮದುವೆ, ನಾಮಕರಣ ಎಂದು ಎಷ್ಟೋ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಿದ್ದೇವೆ. ಅವಳ ಎಲೆಯಲ್ಲಿ ಸಿಹಿ ಉಳಿಯುತ್ತಿತ್ತೋ ಇಲ್ಲವೋ ನಾನು ಒಂದು ಸಲವೂ ನೋಡಿರಲಿಲ್ಲ. ಹನೂರಿನಲ್ಲಿ ನನಗೆ ಬಡಿಸಿದ ಹೋಳಿಗೆಯ ಇನ್ನರ್ಧ ಏನಾಯಿತೆಂದೂ ಕೇಳಿರಲಿಲ್ಲ.

"ತಿನ್ನು ಗೌರಾ" ಎಂದೆ.

ಅವಳು ಗರಿಯನ್ನು ಇಸಿದುಕೊಂಡಳು. ನಮ್ಮಿಬ್ಬರಿಗೂ ಬೆನ್ನು ಮಾಡಿ, ಕಬ್ಬಿನ ಗದ್ದೆಯ ಕಡೆ ತಿರುಗಿ ಬಾಯಿಗೆ ಹಾಕಿಕೊಂಡಳು. ನಾನು ನಂಜುಂಡನನ್ನು ನೋಡಿದೆ, ಅವನು ಒಲೆಯನ್ನು ನೋಡಿದ. ಅವಳು ನಿಧಾನವಾಗಿ ಚಪ್ಪರಿಸಿದಳು, ನುಂಗಿದಳು, ಗರಿಗೆ ಅಂಟಿದ್ದನ್ನೂ ಬೆರಳಲ್ಲಿ ಒರೆಸಿ ನೆಕ್ಕಿದಳು. ಆಮೇಲೆ ತಿರುಗಿ, ಕೊಪ್ಪರಿಗೆಯೊಳಕ್ಕೆ ಬಗ್ಗಿ ನೋಡಿ, ಹುಬ್ಬು ಗಂಟಿಕ್ಕಿದಳು.

"ಸುಣ್ಣ ಒಂಚೂರು ಜಾಸ್ತಿಯಾಯ್ತು ಕಣಣ್ಣ. ಏನೇನ್ ಆಕ್ತೀರಿ ಇದ್ಕೆ?"

ನಂಜುಂಡ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಆಲೆಮನೆಯ ಸೂರು ಹಾರಿಹೋಗುವ ಹಾಗೆ ನಕ್ಕು, ಟವೆಲ್ಲಿನಿಂದ ಕಲ್ಲುಚಪ್ಪಡಿಯನ್ನು ಝಾಡಿಸಿ ಅವಳಿಗೆ ಜಾಗ ಮಾಡಿದ.

"ಕೂತ್ಕವ್ವ, ಕೂತ್ಕ. ಒಂದೊಂದೇ ಯೋಳ್ತೀನಿ."